ಪರದೆಯ ಚಿತ್ರ ಕಾಗದಕ್ಕೆ ಇಳಿಯದಿದ್ದಾಗ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಪಟ್ಟಣಗಳಲ್ಲಿ ತಾಲ್ಲೂಕು ಕಚೇರಿ, ಬಸ್ ನಿಲ್ದಾಣಗಳ ಆಸುಪಾಸಿನ ಡಿಟಿಪಿ ಅಂಗಡಿಗಳು ಕೈಗೆತ್ತಿಕೊಳ್ಳುವ ಕೆಲಸಗಳು ಒಂದನ್ನೊಂದು ಹೋಲುವುದಿಲ್ಲ. ಪಹಣಿಯ ಪ್ರತಿ, ಲಗ್ನಪತ್ರಿಕೆ, ಗ್ರಾಮ ನಕಾಶೆ, ಚುಂಚನಕಟ್ಟೆ ಜಾತ್ರೆಯ ಫ್ಲೆಕ್ಸ್, ಬೈಲಕುಪ್ಪೆ ಮತ್ತು ಗುರುಪುರದ ಟಿಬೆಟನ್ ನೆಲೆಗಳಿಗೆ ಬೇಕಾದ ಬೌದ್ಧ ಚಿತ್ರಪಟ, ಇವೆಲ್ಲ ಒಂದೇ ಗಣಕದಿಂದ ಹೊರಬೀಳಬೇಕಾಗುತ್ತದೆ. ಅಕ್ಷರಗಳಷ್ಟೇ ಇರುವ ಹಾಳೆ ಸಲೀಸಾಗಿ ಮುದ್ರಣವಾಗುತ್ತದೆ. ಚಿತ್ರ ದೊಡ್ಡದಾದಾಗ ಅಥವಾ ಅದರ ರಚನೆ ಜಟಿಲವಾದಾಗ ಹಾಳೆ ಅರ್ಧಕ್ಕೆ ನಿಲ್ಲುತ್ತದೆ, ಇಲ್ಲವೇ ಖಾಲಿಯಾಗಿ ಹೊರಬರುತ್ತದೆ, ಇಲ್ಲವೇ ಯಾವ ದೋಷಸೂಚನೆಯನ್ನೂ ತೋರದೆ ಸರದಿಯಲ್ಲೇ ಉಳಿದುಬಿಡುತ್ತದೆ. ಇದರ ಕಾರಣಗಳನ್ನೂ ಅವನ್ನು ಪತ್ತೆಹಚ್ಚುವ ಕ್ರಮವನ್ನೂ ಒಬ್ಬ ಮುದ್ರಕರು ಮತ್ತು ಒಬ್ಬ ತಂತ್ರಜ್ಞರ ನಡುವಿನ ಸಂವಾದದ ರೂಪದಲ್ಲಿ ಇಲ್ಲಿ ನಿರೂಪಿಸಲಾಗಿದೆ.

ಮುದ್ರಕರು: ಯಂತ್ರ ಅದೇ, ಕೇಬಲ್ ಅದೇ, ಕಾಗದವೂ ಅದೇ. ಪಹಣಿಯನ್ನು ಕೇಳಿದ ತಕ್ಷಣ ಕೊಡುವ ಪ್ರಿಂಟರು ಗ್ರಾಮ ನಕಾಶೆಯ ಸರದಿ ಬಂದಾಗ ಮುಕ್ಕಾಲು ಹಾಳೆಯನ್ನು ಬಿಳಿಯಾಗಿಯೇ ಹೊರಗೆ ತಳ್ಳುತ್ತದೆ. ಯಂತ್ರಕ್ಕೆ ವಯಸ್ಸಾಯಿತು, ನಾಳೆ ಬನ್ನಿ ಎಂದು ರೈತರನ್ನು ಕಳುಹಿಸುವುದು ಎಲ್ಲ ಅಂಗಡಿಗಳಲ್ಲೂ ರೂಢಿಯಾಗಿದೆ.

ತಂತ್ರಜ್ಞರು: ಆ ಮಾತಿನಿಂದ ಗಿರಾಕಿ ಹೊರಟುಹೋಗುತ್ತಾರೆ, ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ಪರದೆಯ ಮೇಲೆ ಕಾಣುವ ಚಿತ್ರ ಕಾಗದವನ್ನು ತಲುಪುವ ಮೊದಲು ಹಲವು ಕೈಗಳನ್ನು ದಾಟುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಕೋರಲ್ ಡ್ರಾ ಅಥವಾ ಪಿಡಿಎಫ್ ಓದುಗದಂತಹ ತಂತ್ರಾಂಶವು ಚಿತ್ರದ ವಿವರಣೆಯನ್ನು ವಿಂಡೋಸ್‌ಗೆ ಕೊಡುತ್ತದೆ, ವಿಂಡೋಸ್ ಅದನ್ನು ಸ್ಪೂಲರ್ ಎಂಬ ಸೇವೆಗೆ ಒಪ್ಪಿಸುತ್ತದೆ, ಅಂದರೆ ಮುದ್ರಣದ ಕೆಲಸಗಳನ್ನು ಡಿಸ್ಕಿನಲ್ಲಿ ತಾತ್ಕಾಲಿಕ ಕಡತಗಳಾಗಿ ಬರೆದಿಟ್ಟುಕೊಂಡು ಒಂದಾದ ಮೇಲೊಂದನ್ನು ಕಳುಹಿಸುವ ವ್ಯವಸ್ಥೆಗೆ, ಆಮೇಲೆ ಡ್ರೈವರ್, ಅಂದರೆ ಆಯಾ ಪ್ರಿಂಟರಿಗೆ ಅರ್ಥವಾಗುವ ಆಜ್ಞೆಗಳನ್ನು ಸಿದ್ಧಪಡಿಸುವ ತಂತ್ರಾಂಶ, ಕೊನೆಗೆ ಪ್ರಿಂಟರು. ಪ್ರಿಂಟರಿನ ಮುದ್ರಣಭಾಗಕ್ಕೆ ಅಕ್ಷರವೂ ಗೊತ್ತಿಲ್ಲ, ವೃತ್ತವೂ ಗೊತ್ತಿಲ್ಲ. ಇಲ್ಲಿ ಚುಕ್ಕಿ ಇಡು, ಇಲ್ಲಿ ಬಿಡು ಎಂಬುದಷ್ಟೇ ಗೊತ್ತು. ಆದುದರಿಂದ ಈ ದಾರಿಯಲ್ಲಿ ಎಲ್ಲಾದರೂ ಒಂದು ಕಡೆ ಚಿತ್ರವೆಲ್ಲ ಚುಕ್ಕಿಗಳಾಗಿ ಬದಲಾಗಲೇಬೇಕು. ಈ ಪರಿವರ್ತನೆಗೆ ರಾಸ್ಟರೀಕರಣ ಎನ್ನುತ್ತಾರೆ. ದೊಡ್ಡ ಚಿತ್ರಗಳ ಮುದ್ರಣ ಕೆಡುವುದು ಬಹುಪಾಲು ಈ ಹಂತದಲ್ಲಿ. ಚುಕ್ಕಿ ಮಾಡುವ ಹೊರೆ ಯಾರ ಮೇಲೆ ಬಿದ್ದಿದೆ, ಅದನ್ನು ಹೊರುವ ಶಕ್ತಿ ಅವರಿಗೆ ಇದೆಯೇ ಎಂದು ಕೇಳಿಕೊಂಡರೆ ಹುಡುಕಾಟ ತಕ್ಷಣ ಕಿರಿದಾಗುತ್ತದೆ.

ಮುದ್ರಕರು: ಆ ಹೊರೆ ಪ್ರಿಂಟರಿನದೇ ಅಲ್ಲವೇ?

ತಂತ್ರಜ್ಞರು: ಎಲ್ಲ ಪ್ರಿಂಟರುಗಳದೂ ಅಲ್ಲ. ಕೆಲವು ಯಂತ್ರಗಳು ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟವಿವರಣ ಭಾಷೆಯನ್ನು ಬಲ್ಲವು. ‘ಇಲ್ಲಿಂದ ಅಲ್ಲಿಗೆ ಇಷ್ಟು ದಪ್ಪದ ಗೆರೆ ಎಳೆ’ ಎಂಬಂತಹ ಸೂಚನೆಯನ್ನು ಪಡೆದು, ತಮ್ಮೊಳಗಿನ ಸಂಸ್ಕಾರಕದಲ್ಲಿ ತಾವೇ ಚುಕ್ಕಿ ಮಾಡಿಕೊಳ್ಳುತ್ತವೆ. ಪೋಸ್ಟ್‌ಸ್ಕ್ರಿಪ್ಟ್ 1984ರಲ್ಲಿ ಅಡೋಬಿ ಸಂಸ್ಥೆ ಹೊರತಂದ ಭಾಷೆ. ಮೇಜಿನ ಮೇಲಿನ ಪ್ರಕಾಶನ, ಅಂದರೆ ಡಿಟಿಪಿ ಎಂಬ ಕಸುಬು ಹುಟ್ಟಿದ್ದೇ ಅದರ ಬಲದಿಂದ. ಆದರೆ ಸಣ್ಣ ಊರುಗಳ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಕಡಿಮೆ ಬೆಲೆಯ ಲೇಸರ್ ಯಂತ್ರಗಳು, ಉದಾಹರಣೆಗೆ ಕ್ಯಾನನ್ ಎಲ್‌ಬಿಪಿ 2900 ಅಥವಾ ಎಚ್‌ಪಿ ಲೇಸರ್‌ಜೆಟ್ 1020, ಆ ಜಾತಿಯವಲ್ಲ. ಅವುಗಳ ಪರವಾಗಿ ಚುಕ್ಕಿ ಮಾಡುವ ಕೆಲಸವನ್ನು ಗಣಕದಲ್ಲಿರುವ ಡ್ರೈವರೇ ಮಾಡಿಕೊಡುತ್ತದೆ. ಪ್ರಿಂಟರು ಸಿದ್ಧ ಚುಕ್ಕಿಗಳನ್ನು ಪಡೆದು ಕಾಗದಕ್ಕೆ ಅಂಟಿಸುತ್ತದೆ. 1020 ಮಾದರಿಯಂತೂ ತನ್ನ ಆಂತರಿಕ ತಂತ್ರಾಂಶವನ್ನೂ ಉಳಿಸಿಕೊಳ್ಳುವುದಿಲ್ಲ, ಕರೆಂಟು ಹೋಗಿ ಬಂದಾಗಲೆಲ್ಲ ಗಣಕದಿಂದ ಅದನ್ನು ಮತ್ತೆ ಪಡೆಯುತ್ತದೆ. ಹೆಗ್ಗಡದೇವನಕೋಟೆಯ ಕಡೆ ಕರೆಂಟು ಬಂದ ಮೇಲೆ ಪ್ರಿಂಟರು ಮಾತಾಡುವುದಿಲ್ಲ ಎಂಬ ದೂರು ಬಂದರೆ ಚಿತ್ರವನ್ನು ದೂರುವ ಮೊದಲು ಕೇಬಲನ್ನು ಕಳಚಿ ಮತ್ತೆ ಸಿಕ್ಕಿಸಿ ನೋಡುವುದು ಒಳ್ಳೆಯದು.

ಮುದ್ರಕರು: ಗಣಕವೇ ಚುಕ್ಕಿ ಮಾಡಿಕೊಡುವುದಾದರೆ ಆ ಪ್ರಿಂಟರಿಗೆ ಯಾವ ಚಿತ್ರವೂ ಭಾರವಾಗಬಾರದು.

ತಂತ್ರಜ್ಞರು: ಭಾರವಾಗುತ್ತದೆ, ಅದರ ಲೆಕ್ಕ ಸ್ವಾರಸ್ಯಕರವಾಗಿದೆ. ಎ4 ಹಾಳೆಯ ಅಳತೆ ಸುಮಾರು 8.27 ಅಂಗುಲಕ್ಕೆ 11.69 ಅಂಗುಲ. ಅಂಗುಲಕ್ಕೆ 600 ಚುಕ್ಕಿಗಳಂತೆ ಅದನ್ನು ತುಂಬಲು ಸುಮಾರು 3 ಕೋಟಿ 48 ಲಕ್ಷ ಚುಕ್ಕಿ ಬೇಕು. ಕಪ್ಪುಬಿಳುಪಿನ ಮುದ್ರಣದಲ್ಲಿ ಒಂದು ಚುಕ್ಕಿಗೆ ಒಂದು ಬಿಟ್ ಸಾಕೆಂದರೂ ಒಂದು ಪುಟಕ್ಕೆ 43 ಲಕ್ಷ ಬೈಟ್, ಅಂದರೆ 4 ಎಂಬಿಗೂ ಮಿಕ್ಕಿದ ಮಾಹಿತಿ. ಹೆಸರಿಸಿದ ಆ ಎರಡೂ ಮಾದರಿಗಳಲ್ಲಿರುವ ನೆನಪು 2 ಎಂಬಿ ಮಾತ್ರ. ಹಾಗಿದ್ದೂ ಪಹಣಿ ಹೊರಬರುವುದು ಡ್ರೈವರು ಪುಟವನ್ನು ಪಟ್ಟಿಪಟ್ಟಿಯಾಗಿ ಸೀಳಿ, ಪ್ರತಿ ಪಟ್ಟಿಯನ್ನೂ ಸಂಕುಚಿಸಿ ಕಳುಹಿಸುವುದರಿಂದ. ಪಹಣಿಯಲ್ಲಿ ಬಹುಭಾಗ ಬಿಳಿ. ಬಿಳಿಯ ಉದ್ದನೆಯ ಓಟವನ್ನು ನಾಲ್ಕು ಅಂಕಿಗಳಲ್ಲಿ ಹೇಳಿ ಮುಗಿಸಬಹುದು. ಫೋಟೋದಲ್ಲಿ ಹಾಗಲ್ಲ. ಲೇಸರ್ ಯಂತ್ರಕ್ಕೆ ಬೂದು ಬಣ್ಣ ಗೊತ್ತಿಲ್ಲದ ಕಾರಣ ಬೂದು ಛಾಯೆಯನ್ನು ಕಪ್ಪು ಚುಕ್ಕಿ, ಖಾಲಿ ಜಾಗಗಳ ಬೆರಕೆಯಾಗಿ ಒಡೆಯಬೇಕಾಗುತ್ತದೆ, ಇದೇ ಹಾಫ್‌ಟೋನ್. ಕಪ್ಪು ಬಿಳುಪು ಹೀಗೆ ಎಡೆಬಿಡದೆ ಬದಲಾಗುವಲ್ಲಿ ಸಂಕುಚನಕ್ಕೆ ಹಿಡಿತವೇ ಸಿಗುವುದಿಲ್ಲ. ಆದ್ದರಿಂದ ಎರಡು ಹಾಳೆಗಳ ಅಳತೆ ಒಂದೇ ಆದರೂ ಪ್ರಿಂಟರಿನ ಬಾಗಿಲಿಗೆ ಬಂದು ಬೀಳುವ ಭಾರ ಒಂದೇ ಅಲ್ಲ.

ಮುದ್ರಕರು: ಭಾರ ಹೆಚ್ಚಾದರೆ ನಿಧಾನವಾಗಿಯಾದರೂ ಮುಗಿಸಬೇಕಲ್ಲ? ಇಂಕ್‌ಜೆಟ್ ಯಂತ್ರ ಹಾಗೆಯೇ ಮಾಡುತ್ತದೆ. ನಿಂತು, ಯೋಚಿಸಿ, ಮತ್ತೊಂದು ಗೆರೆ ಬರೆಯುತ್ತದೆ.

ತಂತ್ರಜ್ಞರು: ಇಂಕ್‌ಜೆಟ್‌ನ ತಲೆ ಎಡಬಲಕ್ಕೆ ಓಡಾಡುತ್ತ ಬರೆಯುವುದರಿಂದ ಎರಡು ಓಟಗಳ ನಡುವೆ ಕಾಯಲು ಅದಕ್ಕೆ ಅಡ್ಡಿಯಿಲ್ಲ. ಲೇಸರ್ ಯಂತ್ರದಲ್ಲಿ ಕಾಗದ ಒಳಕ್ಕೆ ಸರಿದು ಡ್ರಮ್ಮು ತಿರುಗಲು ಆರಂಭಿಸಿತೆಂದರೆ ಪುಟ ಮುಗಿಯುವವರೆಗೆ ಅದು ಒಂದೇ ವೇಗದಲ್ಲಿ ತಿರುಗಲೇಬೇಕು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್‌ಗೆ ಬೆಂಕಿ ಹಾಕಿದ ಮೇಲೆ ಸೌದೆ ತರುತ್ತೇನೆ ತಾಳು ಎನ್ನಲಾಗದಂತೆ, ನಡುವೆ ಅದನ್ನು ತಡೆದು ನಿಲ್ಲಿಸಲಾಗದು. ಮುಂದಿನ ಪಟ್ಟಿಯ ಚುಕ್ಕಿಗಳು ಆ ಕ್ಷಣಕ್ಕೆ ಸಿದ್ಧವಿಲ್ಲದಿದ್ದರೆ ಉಳಿದ ಭಾಗ ಬಿಳಿಯಾಗಿ ಹೊರಬೀಳುತ್ತದೆ. ಹಲವು ಲೇಸರ್ ಯಂತ್ರಗಳು ‘ಪೇಜ್ ಟೂ ಕಾಂಪ್ಲೆಕ್ಸ್’ ಅಥವಾ ‘ಪ್ರಿಂಟ್ ಓವರ್‌ರನ್’ ಎಂದು ತೋರಿಸುವುದು ಈ ಸ್ಥಿತಿಯನ್ನು. ‘ಮೆಮೊರಿ ಓವರ್‌ಫ್ಲೋ’ ಎನ್ನುವುದು ಬೇರೆ ದೋಷ, ಅಲ್ಲಿ ಸಾಲದಾಗಿರುವುದು ಜಾಗ, ಇಲ್ಲಿ ಸಾಲದಾಗಿರುವುದು ಸಮಯ. ಕೆಲವು ಯಂತ್ರಗಳಲ್ಲಿ ಪೇಜ್ ಪ್ರೊಟೆಕ್ಟ್ ಎಂಬ ಆಯ್ಕೆಯಿದ್ದು, ಇಡೀ ಪುಟ ನೆನಪಿನಲ್ಲಿ ಸಿದ್ಧವಾದ ಮೇಲಷ್ಟೇ ಕಾಗದವನ್ನು ಎಳೆದುಕೊಳ್ಳುವಂತೆ ಮಾಡಬಹುದು, ಆದರೆ ಅದಕ್ಕೆ ಯಂತ್ರದಲ್ಲಿ ಸಾಕಷ್ಟು ನೆನಪಿರಬೇಕು. ಇರದ ಕಡೆ ತಕ್ಷಣದ ಉಪಾಯ ಡ್ರೈವರಿನಲ್ಲಿ 600ರ ಬದಲು 300 ಚುಕ್ಕಿಗಳನ್ನು ಆರಿಸುವುದು. ಸಾಂದ್ರತೆ ಅರ್ಧವಾದರೆ ಚುಕ್ಕಿಗಳ ಒಟ್ಟು ಸಂಖ್ಯೆ ಕಾಲುಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಉದ್ದಗಲ ಎರಡೂ ಅರ್ಧವಾಗುತ್ತವೆ.

ಮುದ್ರಕರು: ಯಾವ ಸೂಚನೆಯೂ ಇಲ್ಲದೆ ಕೆಲಸ ಸರದಿಯಲ್ಲೇ ಕುಳಿತುಬಿಟ್ಟರೆ? ಅಳಿಸಲು ಹೋದರೆ ‘ಡಿಲೀಟಿಂಗ್’ ಎಂದು ತೋರಿಸುತ್ತ ಸಂಜೆಯವರೆಗೂ ಹಾಗೆಯೇ ಇರುತ್ತದೆ. ಹಿಂದೆ ನಿಂತ ಪಹಣಿಗಳೂ ಹೊರಬರುವುದಿಲ್ಲ.

ತಂತ್ರಜ್ಞರು: ಆಗ ಪ್ರಿಂಟರನ್ನು ಮುಟ್ಟಿ ಪ್ರಯೋಜನವಿಲ್ಲ, ಕಟ್ಟಿಕೊಂಡಿರುವುದು ಸ್ಪೂಲರ್. ವಿಂಡೋಸ್‌ನ ಸರ್ವೀಸಸ್ ಪಟ್ಟಿಯಲ್ಲಿ ‘ಪ್ರಿಂಟ್ ಸ್ಪೂಲರ್’ ಎಂಬುದನ್ನು ನಿಲ್ಲಿಸಿ, ಸಿ ಡ್ರೈವಿನ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರಿಗೆ ಹೋಗಿ, ಅಲ್ಲಿರುವ ಎಸ್‌ಪಿಎಲ್ ಮತ್ತು ಎಸ್‌ಎಚ್‌ಡಿ ಕಡತಗಳನ್ನು ಅಳಿಸಿ, ಸೇವೆಯನ್ನು ಮತ್ತೆ ಆರಂಭಿಸಬೇಕು. ಮೊದಲನೆಯದರಲ್ಲಿ ಮುದ್ರಣದ ಸರಕು ಇರುತ್ತದೆ, ಎರಡನೆಯದರಲ್ಲಿ ಅದು ಯಾವ ಪ್ರಿಂಟರಿಗೆ ಸೇರಿದ್ದೆಂಬ ವಿವರ. ಫೋಲ್ಡರನ್ನೇ ಅಳಿಸಬಾರದು. ಸರದಿಯಲ್ಲಿದ್ದ ಉಳಿದ ಕೆಲಸಗಳೂ ಇದರೊಂದಿಗೆ ಹೋಗುತ್ತವೆಯಾದ್ದರಿಂದ ಅವನ್ನು ಮತ್ತೆ ಕಳುಹಿಸಬೇಕಾದೀತು. ಅಳಿಸುವ ಮೊದಲು ಎಸ್‌ಪಿಎಲ್ ಕಡತದ ಗಾತ್ರವನ್ನು ಒಮ್ಮೆ ನೋಡುವುದು ಉತ್ತಮ, ರೋಗದ ಗುರುತು ಅನೇಕ ವೇಳೆ ಅಲ್ಲಿಯೇ ಇರುತ್ತದೆ. ಮೂಲ ಕಡತ 10 ಎಂಬಿ ಇದ್ದು ಸ್ಪೂಲ್ ಕಡತ ಸಾವಿರ ಎಂಬಿ ದಾಟಿದ್ದರೆ, ಸಿ ಡ್ರೈವಿನಲ್ಲಿ ಅಷ್ಟು ಜಾಗ ಉಳಿದಿಲ್ಲದಿದ್ದರೆ, ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲ. ಗಣಕವನ್ನು ಬಿಟ್ಟು ಪ್ರಿಂಟರನ್ನೇ ಹತ್ತು ಸಲ ಆರಿಸಿ ಹಚ್ಚುವ ಅಭ್ಯಾಸದಿಂದ ಹಾಳಾಗುವ ಸಮಯಕ್ಕೆ ಲೆಕ್ಕವಿಲ್ಲ.

ಮುದ್ರಕರು: 10 ಎಂಬಿಯ ಕಡತ ಸಾವಿರ ಎಂಬಿ ಆಗುವುದೆಂದರೆ ನಂಬುವುದು ಕಷ್ಟ.

ತಂತ್ರಜ್ಞರು: ಹುಟ್ಟುಹಬ್ಬದ ಶುಭಾಶಯ ಕೋರುವ ಫ್ಲೆಕ್ಸನ್ನು ನೆನಪಿಸಿಕೊಳ್ಳಿ. ಮಧ್ಯದಲ್ಲಿ ನಾಯಕರ ದೊಡ್ಡ ಚಿತ್ರ, ಕೆಳಗೆ ಶುಭ ಕೋರುವವರ ಮುಖಗಳು ವೃತ್ತಗಳಲ್ಲಿ ಸಾಲಾಗಿ ಹನ್ನೆರಡು. ಒಂದೊಂದು ಮುಖವೂ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋದಿಂದ ಬಂದಿದೆಯೆಂದು ಇಟ್ಟುಕೊಂಡರೆ, ಜೆಪೆಗ್ ರೂಪದಲ್ಲಿ ಅದು ಕೆಲವೇ ಎಂಬಿ ಇರುತ್ತದೆ, ಆದರೆ ಮುದ್ರಣಕ್ಕಾಗಿ ಬಿಚ್ಚಿದಾಗ 2 ಕೋಟಿ 40 ಲಕ್ಷ ಚುಕ್ಕಿಗಳು, ಕೆಂಪು ಹಸಿರು ನೀಲಿಗೆ ಒಂದೊಂದು ಬೈಟಿನಂತೆ 7 ಕೋಟಿ 20 ಲಕ್ಷ ಬೈಟ್. ಹನ್ನೆರಡು ಮುಖಗಳಿಗೆ 86 ಕೋಟಿ ಬೈಟ್ ಮೀರಿತು. ಕೋರಲ್ ಡ್ರಾದ ಪವರ್‌ಕ್ಲಿಪ್ ಎಂಬ ಸೌಲಭ್ಯದಲ್ಲಿ ಚಿತ್ರವನ್ನು ಒಂದು ಆಕಾರದೊಳಗೆ ಕೂರಿಸಿದಾಗ ಹೊರಗಿನ ಭಾಗ ಮರೆಯಾಗುತ್ತದೆಯೇ ಹೊರತು ಅಳಿಯುವುದಿಲ್ಲ. ವೃತ್ತದಲ್ಲಿ ಮುಖವಷ್ಟೇ ಕಂಡರೂ ಹಿಂದಿನ ಮರ, ಜೀಪು, ಅಂಗಳವೆಲ್ಲ ಕಡತದೊಳಗೆ ಕುಳಿತಿರುತ್ತವೆ. ಆ ವೃತ್ತ ಫ್ಲೆಕ್ಸಿನಲ್ಲಿ ಒಂದು ಅಡಿ ಅಗಲವಿದ್ದರೂ ಅಂಗುಲಕ್ಕೆ 72 ಚುಕ್ಕಿಗಳಂತೆ ಅದಕ್ಕೆ ಬೇಕಾದದ್ದು 864ಕ್ಕೆ 864 ಚುಕ್ಕಿ, ಅಂದರೆ ಸುಮಾರು 22 ಲಕ್ಷ ಬೈಟ್ ಮಾತ್ರ. ಆದ್ದರಿಂದ ಪವರ್‌ಕ್ಲಿಪ್ ಆದ ಮುಖವನ್ನು ಆರಿಸಿ, ‘ಕನ್ವರ್ಟ್ ಟು ಬಿಟ್‌ಮ್ಯಾಪ್’ ಆಜ್ಞೆಯಿಂದ ಬೇಕಾದ ಸಾಂದ್ರತೆಯ ಒಂದೇ ಚಿತ್ರವಾಗಿ ಮಾಡಿದರೆ ಕಾಣದ ಅಂಗಳದ ಭಾರ ಇಳಿಯುತ್ತದೆ. ಮೂಲ ಕಡತದ ಪ್ರತಿಯೊಂದನ್ನು ಮೊದಲೇ ತೆಗೆದಿಟ್ಟುಕೊಂಡಿರಬೇಕು, ಏಕೆಂದರೆ ಹನ್ನೆರಡರಲ್ಲಿ ಒಬ್ಬರ ಮುಖ ಬದಲಿಸುವಂತೆ ಫೋನು ಬರದೆ ಇರುವುದಿಲ್ಲ.

ಮುದ್ರಕರು: ಅದು ನಿಜ. ಹೆಸರಿನ ಮುಂದೆ ‘ಶ್ರೀ’ ಬಿಟ್ಟುಹೋಗಿದೆ ಎಂಬ ಫೋನೂ ಬರುತ್ತದೆ. ಇರಲಿ, ಫೋಟೋಗಳೇ ಇಲ್ಲದ ವಿನ್ಯಾಸವೂ ಕೆಲವೊಮ್ಮೆ ನಿಲ್ಲುತ್ತದೆಯಲ್ಲ? ಬೈಲಕುಪ್ಪೆಯವರೊಬ್ಬರಿಗಾಗಿ ಥಂಕಾ ಎಂಬ ಬೌದ್ಧ ಚಿತ್ರಪಟದ ಮಾದರಿಯ ಪಟವನ್ನು ಪೂರ್ತಿ ಗೆರೆಗಳಲ್ಲೇ ಬಿಡಿಸಿದ್ದ ಕಡತ ಎರಡೇ ಎಂಬಿ ಇತ್ತು, ಆದರೂ ಮುದ್ರಣವಾಗಲಿಲ್ಲ.

ತಂತ್ರಜ್ಞರು: ಅಲ್ಲಿಂದ ಎರಡನೆಯ ಜಾತಿಯ ದೋಷ ಶುರುವಾಗುತ್ತದೆ. ಚಿತ್ರಗಳಲ್ಲಿ ರಾಸ್ಟರ್ ಮತ್ತು ವೆಕ್ಟರ್ ಎಂಬ ಎರಡು ಬಗೆ. ಫೋಟೋ ರಾಸ್ಟರ್, ಅದರ ಭಾರ ಚುಕ್ಕಿಗಳ ಎಣಿಕೆಯಲ್ಲಿದೆ. ಗಣಿತದ ವಕ್ರರೇಖೆಗಳಿಂದ ಆಗುವ ಚಿತ್ರ ವೆಕ್ಟರ್, ಅದರ ಭಾರ ಕಡತದ ಗಾತ್ರದಲ್ಲಿ ಕಾಣುವುದಿಲ್ಲ. ಅದನ್ನು ಬಿಡಿಸಲು ಮಾಡಬೇಕಾದ ಲೆಕ್ಕದಲ್ಲಿದೆ. ಬೈಲಕುಪ್ಪೆಯ ನಮ್‌ಡ್ರೋಲಿಂಗ್ ವಿಹಾರದ ಸ್ವರ್ಣಮಂದಿರದಲ್ಲಿ ಕಾಣುವಂತಹ ದೇವತಾಚಿತ್ರಗಳನ್ನು ವೆಕ್ಟರಿನಲ್ಲಿ ಅನುಕರಿಸಿದರೆ ಪ್ರತಿ ಮೋಡದ ಸುರುಳಿಗೂ, ಕಮಲದ ಎಸಳಿಗೂ, ಜ್ವಾಲೆಯ ನಾಲಿಗೆಗೂ ಒಂದು ಮುಚ್ಚಿದ ವಕ್ರರೇಖೆ, ಅದರೊಳಗೆ ಒಂದು ಬಣ್ಣದಿಂದ ಇನ್ನೊಂದಕ್ಕೆ ಜಾರುವ ಗ್ರೇಡಿಯಂಟ್. ವಕ್ರರೇಖೆ ತಿರುಗುವ ಬಿಂದುವಿಗೆ ನೋಡ್ ಎನ್ನುತ್ತಾರೆ. ಫೋಟೋವನ್ನು ತಂತ್ರಾಂಶದಿಂದ ‘ಟ್ರೇಸ್’ ಮಾಡಿ ವೆಕ್ಟರ್ ಆಗಿಸಿದ ಚಿತ್ರದಲ್ಲಿ ಒಂದೇ ರೇಖೆಗೆ ಸಾವಿರಾರು ನೋಡ್‌ಗಳು ಸೇರಿಕೊಂಡಿರುವುದುಂಟು. ಪೋಸ್ಟ್‌ಸ್ಕ್ರಿಪ್ಟ್‌ನ ಮೊದಲ ಆವೃತ್ತಿಯಲ್ಲಿ ಒಂದು ರೇಖೆಗೆ 1500 ಬಿಂದುಗಳ ಮಿತಿಯಿತ್ತು. ಮೀರಿದರೆ ‘ಲಿಮಿಟ್‌ಚೆಕ್’ ಎಂಬ ದೋಷ ಬರೆದ ಹಾಳೆಯೊಂದು ಹೊರಬರುತ್ತಿತ್ತು. ಈಗಿನ ಯಂತ್ರಗಳಲ್ಲಿ ಆ ಸಂಖ್ಯೆ ಸಡಿಲವಾಗಿದ್ದರೂ ನೆನಪು ಮುಗಿದಾಗ ಅದೇ ಗತಿ. ಕೋರಲ್ ಡ್ರಾದ ಮುದ್ರಣ ಕಿಟಕಿಯ ಪೋಸ್ಟ್‌ಸ್ಕ್ರಿಪ್ಟ್ ವಿಭಾಗದಲ್ಲಿ ಒಂದು ರೇಖೆಯ ಬಿಂದುಗಳ ಗರಿಷ್ಠ ಸಂಖ್ಯೆಯನ್ನು ಇಳಿಸುವ, ಫ್ಲ್ಯಾಟ್‌ನೆಸ್ಸನ್ನು ಏರಿಸುವ ಆಯ್ಕೆಗಳಿರುವುದು ಇದಕ್ಕಾಗಿ. ಫ್ಲ್ಯಾಟ್‌ನೆಸ್ ಎಂದರೆ ವಕ್ರರೇಖೆಯನ್ನು ಎಷ್ಟು ಚಿಕ್ಕ ನೇರ ತುಂಡುಗಳಾಗಿ ಒಡೆದು ಬಿಡಿಸಬೇಕೆಂಬ ಅಳತೆ. ಅದು ಹೆಚ್ಚಾದಷ್ಟೂ ತುಂಡುಗಳು ಕಡಿಮೆಯಾಗಿ ಕೆಲಸ ಹಗುರಾಗುತ್ತದೆ, ಅತಿಯಾದರೆ ದುಂಡಾದದ್ದು ಮೂಲೆಮೂಲೆಯಾಗಿ ಕಾಣುತ್ತದೆ.

ಮುದ್ರಕರು: ಲಗ್ನಪತ್ರಿಕೆಯ ಅಕ್ಷರಗಳನ್ನು ‘ಕರ್ವ್ಸ್’ಗೆ ಪರಿವರ್ತಿಸಿ ಪ್ರೆಸ್ಸಿಗೆ ಕಳುಹಿಸುವುದು ಈ ಭಾಗದ ಎಲ್ಲ ಅಂಗಡಿಗಳ ಪದ್ಧತಿ. ಮೈಸೂರಿನ ಪ್ರೆಸ್ಸಿನಲ್ಲಿ ಅದೇ ನುಡಿ ಅಥವಾ ಶ್ರೀಲಿಪಿ ಫಾಂಟ್ ಇಲ್ಲದಿದ್ದರೆ ವರನ ಹೆಸರಿನ ಜಾಗದಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಅದೂ ತಪ್ಪೇ?

ತಂತ್ರಜ್ಞರು: ತಪ್ಪಲ್ಲ, ಅದಕ್ಕೊಂದು ಬೆಲೆಯಿದೆ ಅಷ್ಟೆ. ಅಕ್ಷರ ಅಕ್ಷರವಾಗಿ ಉಳಿದರೆ ಫಾಂಟಿನೊಳಗಿನ ‘ಕ’ದ ಆಕಾರವನ್ನು ಒಮ್ಮೆ ಕಳುಹಿಸಿ ನೂರು ಕಡೆ ಬಳಸಬಹುದು, ರೇಖೆಯಾದ ಮೇಲೆ ನೂರು ‘ಕ’ಗಳು ನೂರು ಬೇರೆ ಬೇರೆ ಚಿತ್ರಗಳು. ದುಂಡು ತಿರುವುಗಳ, ಒತ್ತಕ್ಷರಗಳ ಕನ್ನಡಕ್ಕೆ ನೇರಗೆರೆಯ ರೋಮನ್ ಅಕ್ಷರಗಳಿಗಿಂತ ಹೆಚ್ಚು ನೋಡ್‌ಗಳು ಬೇಕು. ಒಂದು ಪತ್ರಿಕೆಗೆ ಇದು ದೊಡ್ಡ ಮಾತಲ್ಲ, ದಟ್ಟ ಅಕ್ಷರಗಳ ಪುಸ್ತಕವನ್ನು ಹೀಗೆ ಮಾಡಿದರೆ ಯಂತ್ರ ಏದುಸಿರು ಬಿಡುತ್ತದೆ. ಪುಸ್ತಕಕ್ಕೆ ಫಾಂಟನ್ನು ಒಳಗೇ ಸೇರಿಸಿದ ಪಿಡಿಎಫ್ ಸರಿಯಾದ ದಾರಿ. ಲಗ್ನಪತ್ರಿಕೆಯಲ್ಲಿ ನಿಜವಾದ ತೊಡಕು ಅಕ್ಷರದ್ದಲ್ಲ, ಅದರ ಹಿಂದೆ ಹಾಕುವ ನೆರಳಿನದ್ದು. ಮೃದುವಾದ ನೆರಳು, ಹಿಂದಿನ ಗಣಪತಿ ಕಾಣುವಂತಹ ಪಾರದರ್ಶಕ ಬಣ್ಣ, ಇವು ಪೋಸ್ಟ್‌ಸ್ಕ್ರಿಪ್ಟ್‌ಗೆ ಗೊತ್ತೇ ಇಲ್ಲ. ಅದರ ಬಣ್ಣವೆಲ್ಲ ಅಪಾರದರ್ಶಕ, ಮೇಲೆ ಬಿದ್ದದ್ದು ಕೆಳಗಿನದನ್ನು ಪೂರ್ತಿ ಮುಚ್ಚುತ್ತದೆ. ಪಿಡಿಎಫ್‌ಗೂ ಪಾರದರ್ಶಕತೆ ಬಂದದ್ದು ಅದರ 1.4ನೆಯ ಆವೃತ್ತಿಯಿಂದ. ಹಾಗಾಗಿ ಕಳುಹಿಸುವ ಮೊದಲು ತಂತ್ರಾಂಶವು ಒಂದರ ಮೇಲೊಂದು ಬಿದ್ದ ಭಾಗಗಳನ್ನೆಲ್ಲ ಕತ್ತರಿಸಿ ಒಂದೇ ಪದರವಾಗಿ ಜೋಡಿಸಬೇಕಾಗುತ್ತದೆ; ಇದಕ್ಕೆ ಫ್ಲ್ಯಾಟನಿಂಗ್ ಎಂಬ ಹೆಸರು. ಒಂದು ನೆರಳು ಹತ್ತು ಅಕ್ಷರಗಳನ್ನು ದಾಟಿದರೆ ನೂರಾರು ತುಂಡುಗಳಾಗುತ್ತವೆ, ತುಂಡುಗಳ ಸಂದಿಯಲ್ಲಿ ಕೂದಲಿನಷ್ಟು ಸಣ್ಣ ಬಿಳಿಗೆರೆಗಳೂ ಕಾಣಿಸಿಕೊಳ್ಳುತ್ತವೆ. ಕಾರಣ ತಿಳಿಯದೆ ಪ್ರೆಸ್ಸಿನವರನ್ನು ಬೈಯುವುದು ಈ ಗೆರೆಗಳಿಗಾಗಿಯೇ.

ಮುದ್ರಕರು: ನೂರು ವಸ್ತುಗಳಿರುವ ಪುಟದಲ್ಲಿ ತೊಂದರೆ ಕೊಡುತ್ತಿರುವುದು ಯಾವುದೆಂದು ಕಂಡುಕೊಳ್ಳುವುದು ಹೇಗೆ? ಒಂದೊಂದನ್ನೇ ತೆಗೆದು ನೋಡುತ್ತ ಕುಳಿತರೆ ಜಾತ್ರೆಯೇ ಮುಗಿದಿರುತ್ತದೆ.

ತಂತ್ರಜ್ಞರು: ಒಂದೊಂದಲ್ಲ, ಅರ್ಧರ್ಧ. ಆದರೆ ಅದಕ್ಕೂ ಮೊದಲು ವಿಂಡೋಸ್‌ನ ಪರೀಕ್ಷಾಪುಟವನ್ನು ಮುದ್ರಿಸಿ ಕೇಬಲ್, ಡ್ರೈವರ್, ಯಂತ್ರ ಮೂರೂ ಸರಿಯಿವೆಯೆಂದು ಖಚಿತಪಡಿಸಿಕೊಳ್ಳಬೇಕು. ಅದೇ ತಂತ್ರಾಂಶದಿಂದ ಬೇರೊಂದು ಸರಳ ಕಡತವನ್ನು, ಅನಂತರ ತೊಂದರೆಯ ಕಡತವನ್ನೇ ಪಿಡಿಎಫ್ ಮಾಡಿ ಇನ್ನೊಂದು ಗಣಕದಿಂದ ಕಳುಹಿಸಬೇಕು. ಪಿಡಿಎಫ್ ತಯಾರಾಗುವಾಗಲೇ ನಿಂತರೆ ದೋಷ ಕಡತದೊಳಗಿದೆ, ತಯಾರಾಗಿ ಮುದ್ರಣವಾಗದಿದ್ದರೆ ದೋಷ ಮುಂದಿನ ಹಾದಿಯಲ್ಲಿದೆ. ಕಡತದ್ದೇ ಎಂದು ತಿಳಿದ ಮೇಲೆ ಪ್ರತಿಯೊಂದನ್ನು ಮಾಡಿಕೊಂಡು ವಸ್ತುಗಳಲ್ಲಿ ಅರ್ಧವನ್ನು ಅಳಿಸಿ ಮುದ್ರಿಸಬೇಕು. ಮುದ್ರಣವಾದರೆ ಅಪರಾಧಿ ಅಳಿಸಿದ ಅರ್ಧದಲ್ಲಿದೆ, ಆಗದಿದ್ದರೆ ಉಳಿದ ಅರ್ಧದಲ್ಲಿ. ಮತ್ತೆ ಆ ಅರ್ಧದಲ್ಲಿ ಅರ್ಧ. ತೊಂದರೆ ಒಂದೇ ವಸ್ತುವಿನದಾಗಿದ್ದರೆ 64 ವಸ್ತುಗಳಲ್ಲಿ ಅದು ಆರನೆಯ ಸುತ್ತಿಗೆ ಸಿಕ್ಕಿಬೀಳುತ್ತದೆ. ಕಾಗದ ವ್ಯರ್ಥವಾಗಬಾರದೆಂದರೆ ಪಿಡಿಎಫ್ ಪ್ರಿಂಟರಿಗೇ ಕಳುಹಿಸಿ ಪರೀಕ್ಷಿಸಬಹುದು. ಒಂದೇ ಸಲಕ್ಕೆ ಡ್ರೈವರು ಬದಲಿಸಿ, ಸಾಂದ್ರತೆ ಇಳಿಸಿ, ಚಿತ್ರ ಅಳಿಸಿದರೆ ಕೆಲಸವೇನೋ ಆದೀತು, ಯಾವುದರಿಂದ ಆಯಿತೆಂದು ಗೊತ್ತಾಗದೆ ಮುಂದಿನ ವಾರ ಅದೇ ತೊಂದರೆ ಮರಳಿ ಬರುತ್ತದೆ.

ಮುದ್ರಕರು: ಸ್ವಾಮಿ, ಇಷ್ಟೆಲ್ಲ ಕಸರತ್ತಿನ ಬದಲು ಇಡೀ ವಿನ್ಯಾಸವನ್ನು ಜೆಪೆಗ್ ಮಾಡಿ ಮುದ್ರಿಸುವುದು ಸುಲಭವಲ್ಲವೇ? ಪಿಡಿಎಫ್ ಓದುಗದಲ್ಲೂ ‘ಪ್ರಿಂಟ್ ಆ್ಯಸ್ ಇಮೇಜ್’ ಎಂಬುದನ್ನು ಒತ್ತಿದರೆ ಹತ್ತರಲ್ಲಿ ಎಂಟು ಕಡತಗಳು ಹೊರಬರುತ್ತವೆ. ಅಂಗಡಿಯ ಅನುಭವ ಅದನ್ನೇ ಹೇಳುತ್ತದೆ.

ತಂತ್ರಜ್ಞರು: ಅನುಭವ ಸರಿಯಾಗಿಯೇ ಹೇಳುತ್ತಿದೆ, ಚುಕ್ಕಿ ಮಾಡುವ ಹೊರೆಯನ್ನು ಪ್ರಿಂಟರಿನಿಂದಲೂ ಡ್ರೈವರಿನಿಂದಲೂ ಕಿತ್ತು, ನೆನಪು ಧಾರಾಳವಾಗಿರುವ ಗಣಕದ ತಂತ್ರಾಂಶಕ್ಕೆ ವಹಿಸುವುದೇ ಆ ಆಯ್ಕೆಯ ಅರ್ಥ. ಕಾಣೆಯಾದ ಫಾಂಟಿನ ತಾಪತ್ರಯವೂ, ನೆರಳಿನ ತುಂಡುಗಳೂ ಅದರಿಂದ ಒಟ್ಟಿಗೇ ನೀಗುತ್ತವೆ. ವಿರೋಧಿಸಬೇಕಾದದ್ದು ಆ ಆಯ್ಕೆಯನ್ನಲ್ಲ, ಕಣ್ಣುಮುಚ್ಚಿ ಅದನ್ನು ಎಲ್ಲದಕ್ಕೂ ಬಳಸುವುದನ್ನು. ಜೆಪೆಗ್ ಸಂಕುಚನ ಚೂಪಾದ ಅಂಚುಗಳ ಸುತ್ತ ಕೊಳೆಯಂತಹ ಕಲೆಗಳನ್ನು ಬಿಡುತ್ತದೆ. ಫೋಟೋದಲ್ಲಿ ಅದು ಕಾಣುವುದಿಲ್ಲ, ಒತ್ತಕ್ಷರದ ಸಣ್ಣ ಸಂದಿಯಲ್ಲಿ ಕಾಣುತ್ತದೆ. ಅಂಗುಲಕ್ಕೆ 150 ಚುಕ್ಕಿಗಳ ಚಿತ್ರವಾಗಿಸಿದ ಲಗ್ನಪತ್ರಿಕೆಯಲ್ಲಿ ‘ಷ’ ಮತ್ತು ‘ಪ’ಗಳನ್ನು ಅಜ್ಜಿಯರು ಬೇರ್ಪಡಿಸಲಾರರು. ಉತ್ತಮವಾದದ್ದೆಂದರೆ ನೆರಳು, ಹಿನ್ನೆಲೆ, ಗ್ರೇಡಿಯಂಟ್‌ಗಳನ್ನಷ್ಟೇ 300 ಚುಕ್ಕಿಗಳ ಬಿಟ್‌ಮ್ಯಾಪ್ ಮಾಡಿ, ಅಕ್ಷರಗಳನ್ನು ಅದರ ಮೇಲೆ ರೇಖೆಯಾಗಿಯೇ ಉಳಿಸಿಕೊಳ್ಳುವುದು.

ಮುದ್ರಕರು: ಫ್ಲೆಕ್ಸಿಗೂ 300 ಚುಕ್ಕಿಗಳೇ? ವಿನ್ಯಾಸ ಕಲಿಸುವವರು 300ಕ್ಕಿಂತ ಕಡಿಮೆ ಇಡಬಾರದೆಂದು ಹೇಳಿಕೊಡುತ್ತಾರೆ.

ತಂತ್ರಜ್ಞರು: ಕೈಯಲ್ಲಿ ಹಿಡಿದು ನೋಡುವ ಹಾಳೆಗೆ ಹೇಳಿದ ಮಾತನ್ನು ಬೀದಿಯ ಫಲಕಕ್ಕೆ ಅನ್ವಯಿಸಿದ್ದರಿಂದ ಆಗುವ ಅನಾಹುತ ಅದು. 12 ಅಡಿಗೆ 8 ಅಡಿಯ ಫಲಕವನ್ನು ಅಂಗುಲಕ್ಕೆ 300 ಚುಕ್ಕಿಗಳಂತೆ ಮಾಡಿದರೆ 43,200ಕ್ಕೆ 28,800, ಅಂದರೆ ಸುಮಾರು 124 ಕೋಟಿ ಚುಕ್ಕಿ; ನಾಲ್ಕು ಶಾಯಿಗಳಿಗೆ ಒಂದೊಂದು ಬೈಟಿನಂತೆ 497 ಕೋಟಿ ಬೈಟ್. ಫೋಟೋಶಾಪಿನ ಸಾಮಾನ್ಯ ಪಿಎಸ್‌ಡಿ ಕಡತ ಒಂದು ಬದಿಗೆ 30,000 ಚುಕ್ಕಿಗಳನ್ನು ದಾಟಲಾರದು. ಫ್ಲೆಕ್ಸ್ ಯಂತ್ರದವರು ಕೇಳುವ ಟಿಫ್ ಕಡತ ಸಾಮಾನ್ಯ ರೂಪದಲ್ಲಿ 4 ಜಿಬಿ, ಅಂದರೆ ಸುಮಾರು 429 ಕೋಟಿ ಬೈಟ್ ಮೀರಲಾರದು. ಜೆಪೆಗ್‌ನ ಒಂದು ಬದಿಗೆ 65,535 ಚುಕ್ಕಿಗಳೇ ಕೊನೆ. 20 ಅಡಿಯ ಸ್ವಾಗತ ಕಮಾನು ಹಳೆಯ ಪಿಡಿಎಫ್‌ನ 200 ಅಂಗುಲದ ಪುಟಮಿತಿಯನ್ನೇ ದಾಟಿಬಿಡುತ್ತದೆ. ಅದಕ್ಕಾಗಿಯೇ ಅನುಭವಿಗಳು ಹತ್ತರಲ್ಲೊಂದು ಪ್ರಮಾಣದಲ್ಲಿ ವಿನ್ಯಾಸ ಮಾಡಿ, ರಿಪ್ ತಂತ್ರಾಂಶದಲ್ಲಿ ಹಿಗ್ಗಿಸುತ್ತಾರೆ. ರಿಪ್ ಎಂದರೆ ದೊಡ್ಡ ಮುದ್ರಣಯಂತ್ರಗಳ ಪರವಾಗಿ ಚುಕ್ಕಿ ಮಾಡಿಕೊಡುವುದಕ್ಕೆಂದೇ ಇರುವ ತಂತ್ರಾಂಶ. ಅದೇ ಫಲಕಕ್ಕೆ 72 ಚುಕ್ಕಿಗಳು ಸಾಕೆಂದರೆ 28 ಕೋಟಿ 66 ಲಕ್ಷ ಬೈಟ್‌ಗೆ ಇಳಿದು ಎಲ್ಲ ಮಿತಿಗಳ ಒಳಗೆ ಬರುತ್ತದೆ.

ಮುದ್ರಕರು: ಮುಖ ಒಡೆದುಹೋದಂತೆ ಕಂಡರೆ ಗಿರಾಕಿ ಹಣ ಕೊಡುವುದಿಲ್ಲ.

ತಂತ್ರಜ್ಞರು: ಕಣ್ಣಿನ ಶಕ್ತಿಗೂ ಲೆಕ್ಕವಿದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತರಲ್ಲೊಂದು ಭಾಗದಷ್ಟು ಕೋನದ ಅಂತರವನ್ನು ಗುರುತಿಸುತ್ತದೆ ಎಂದಿಟ್ಟುಕೊಂಡರೆ, 5 ಅಡಿ ದೂರದಿಂದ ಅಂಗುಲಕ್ಕೆ 57 ಚುಕ್ಕಿಗಳಿಗಿಂತ ಹೆಚ್ಚನ್ನು, 20 ಅಡಿ ದೂರದಿಂದ 14ಕ್ಕಿಂತ ಹೆಚ್ಚನ್ನು ಅದು ಬಿಡಿಬಿಡಿಯಾಗಿ ಕಾಣಲಾರದು. ಹುಣಸೂರಿನ ವೃತ್ತದಲ್ಲಿ ಕಟ್ಟಿದ ಫಲಕವನ್ನು ಐದು ಅಡಿಯಿಂದ ನೋಡುವವರು ಅದರಲ್ಲಿ ಸ್ವಂತ ಮುಖವಿರುವವರು ಮಾತ್ರ. ಫ್ಲೆಕ್ಸಿನ ಬಳಕೆಯನ್ನು ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲೇ ನಿಷೇಧಿಸಿದ್ದರೂ ಅದರ ವಿನ್ಯಾಸದ ಪ್ರಶ್ನೆ ಇನ್ನೂ ಉಳಿದಿರುವುದು ಬೇರೆಯೇ ಚರ್ಚೆಯ ವಿಷಯ. ಬಟ್ಟೆಯ ಮೇಲೆ ಮುದ್ರಿಸಿದರೂ ಈ ಲೆಕ್ಕ ಬದಲಾಗುವುದಿಲ್ಲ.

ಮುದ್ರಕರು: ಕೊನೆಗೆ ಮತ್ತೆ ಗ್ರಾಮ ನಕಾಶೆಯ ವಿಷಯ. ಭೂದಾಖಲೆಗಳ ಇಲಾಖೆಯ ಜಾಲತಾಣದಿಂದ ಇಳಿಸಿಕೊಂಡ ಪಿಡಿಎಫ್ ನಿಂತಾಗ ಇದರಲ್ಲಿ ಯಾವ ದಾರಿ ಹಿಡಿಯಬೇಕು?

ತಂತ್ರಜ್ಞರು: ಪರದೆಯ ಮೇಲೆ ಅದನ್ನು ಎಂಟು ಪಟ್ಟು ಹಿಗ್ಗಿಸಿ ನೋಡಬೇಕು. ಸರ್ವೆ ಸಂಖ್ಯೆಯ ಗಡಿಗೆರೆ ಚೂಪಾಗಿಯೇ ಉಳಿದರೆ ಅದು ವೆಕ್ಟರ್. ಮೆಟ್ಟಿಲು ಮೆಟ್ಟಿಲಾಗಿ ಒಡೆದರೆ ಹಳೆಯ ನಕಾಶೆಯನ್ನು ಸ್ಕ್ಯಾನ್ ಮಾಡಿದ ರಾಸ್ಟರ್. ಎರಡೂ ಸಂದರ್ಭದಲ್ಲಿ ‘ಪ್ರಿಂಟ್ ಆ್ಯಸ್ ಇಮೇಜ್’ ಮೊದಲ ಪ್ರಯತ್ನ, ಸಾಂದ್ರತೆ 300. ಸ್ಕ್ಯಾನ್ ಆಗಿದ್ದು ಬಣ್ಣ ಅನಗತ್ಯವಾಗಿದ್ದರೆ ಕಪ್ಪುಬಿಳುಪಿಗೆ ಇಳಿಸಿದಾಗ ಹಳದಿಗಟ್ಟಿದ ಹಿನ್ನೆಲೆಯೆಲ್ಲ ಬಿಳಿಯಾಗಿ, ಹಾಫ್‌ಟೋನಿನ ಭಾರವೇ ಹೊರಟುಹೋಗುತ್ತದೆ.

ಮುದ್ರಕರು: ಹಾಗೆ ಮಾಡಿ ಎ4 ಹಾಳೆಗೆ ‘ಫಿಟ್’ ಕೊಟ್ಟರೆ ಮುಗಿಯಿತು.

ತಂತ್ರಜ್ಞರು: ಮುದ್ರಣ ಮುಗಿಯಿತು, ತಪ್ಪು ಅಲ್ಲಿಂದ ಆರಂಭವಾಯಿತು. ಹಳೆಯ ಗ್ರಾಮ ನಕಾಶೆಗಳಲ್ಲಿ ಸಾಮಾನ್ಯವಾಗಿ ಕಾಣುವ ಪ್ರಮಾಣ 7920ರಲ್ಲಿ ಒಂದು; ಅಂದರೆ ಕಾಗದದ ಒಂದು ಅಂಗುಲ ನೆಲದ ಮೇಲೆ 660 ಅಡಿ. ಎ2 ಅಳತೆಯ ನಕಾಶೆಯನ್ನು ಎ4 ಹಾಳೆಗೆ ಕುಗ್ಗಿಸಿದರೆ ಉದ್ದಗಲ ಎರಡೂ ಅರ್ಧವಾಗಿ, ಅದೇ ಒಂದು ಅಂಗುಲ 1320 ಅಡಿಯಾಗುತ್ತದೆ, ಆದರೆ ಮೂಲೆಯಲ್ಲಿ ಮುದ್ರಿತವಾದ 7920 ಎಂಬ ಅಂಕಿ ಹಾಗೆಯೇ ಇರುತ್ತದೆ. ಅದನ್ನು ನಂಬಿ ಸ್ಕೇಲು ಹಿಡಿದು ಬದುವಿನ ಉದ್ದ ಲೆಕ್ಕ ಹಾಕಿದವರ ಬಳಿ ಜಮೀನಿನ ಅಗಲ ಅರ್ಧಕ್ಕೆ ಇಳಿದಿರುತ್ತದೆ. ಜಮೀನಿನ ಅಳತೆಗೆ ಸರ್ವೇಯರರ ದಾಖಲೆಯೇ ಆಧಾರ ಎಂಬುದು ನಿಜ. ಆದರೂ ಜಗಳಕ್ಕೆ ಕಾರಣವಾಗಲು ಅಂಗಡಿಯ ಹಾಳೆಯೇ ಸಾಕು.

ಮುದ್ರಕರು: ಎ2 ಕಾಗದ ಹಾಕುವ ಯಂತ್ರ ಈ ನಾಲ್ಕು ಪಟ್ಟಣಗಳ ಸಣ್ಣ ಅಂಗಡಿಗಳಲ್ಲಿ ಎಲ್ಲಿದೆ?

ತಂತ್ರಜ್ಞರು: ಬೇಕಿಲ್ಲ. ಪಿಡಿಎಫ್ ಓದುಗದ ಮುದ್ರಣ ಕಿಟಕಿಯಲ್ಲಿ ‘ಪೋಸ್ಟರ್’ ಎಂಬ ಆಯ್ಕೆಯಿದೆ. ಪ್ರಮಾಣವನ್ನು ನೂರಕ್ಕೆ ನೂರು ಇಟ್ಟು, ಅಂಚುಗಳು ಅರ್ಧ ಅಂಗುಲ ಒಂದರ ಮೇಲೊಂದು ಬರುವಂತೆ ಸೂಚಿಸಿ, ಕತ್ತರಿಸುವ ಗುರುತುಗಳನ್ನು ಸೇರಿಸಿದರೆ ದೊಡ್ಡ ನಕಾಶೆ ಹಲವು ಎ4 ಹಾಳೆಗಳಾಗಿ ಹೊರಬರುತ್ತದೆ. ಇದರಿಂದ ಇನ್ನೊಂದು ಅನುಕೂಲವೂ ಇದೆ: ಒಂದು ಹಾಳೆಗೆ ಬೀಳುವ ಗೆರೆಗಳು ಕಡಿಮೆಯಾಗುವುದರಿಂದ, ಇಡೀ ನಕಾಶೆಯನ್ನು ಒಂದೇ ಹಾಳೆಯಲ್ಲಿ ಹೊರಲಾರದ ಪ್ರಿಂಟರು ತುಂಡುಗಳನ್ನು ಹೊರುತ್ತದೆ. ರೈತರಿಗೆ ಬೇಕಾದದ್ದು ಒಂದೇ ಸರ್ವೆ ಸಂಖ್ಯೆಯ ಸುತ್ತಮುತ್ತಲಿನ ಭಾಗವಾಗಿದ್ದರೆ ‘ಕರೆಂಟ್ ವ್ಯೂ’ ಆರಿಸಿ ಅಷ್ಟನ್ನೇ ಕೊಡಬಹುದು, ಆದರೆ ಆಗ ಪ್ರಮಾಣ ಉಳಿದಿಲ್ಲವೆಂದು ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದು ಕೊಡಬೇಕು. ಪೋಸ್ಟರ್ ಆಯ್ಕೆಯಿಂದ ಬಂದ ಹಾಳೆಗಳನ್ನು ಅಂಟಿಸಿದ ಮೇಲೆ ನಕಾಶೆಯಲ್ಲಿರುವ ಅಳತೆಪಟ್ಟಿಗೆ ಸ್ಕೇಲು ಹಿಡಿದು, 660 ಅಡಿಯ ಗುರುತು ಸರಿಯಾಗಿ ಒಂದು ಅಂಗುಲ ಬಂದಿದೆಯೇ ಎಂದು ನೋಡಿ.

ಮುದ್ರಕರು: ಒಂದು ಅಂಗುಲಕ್ಕೆ ಕೂದಲೆಳೆಯಷ್ಟು ಕಡಿಮೆ ಬಂದರೆ?

ತಂತ್ರಜ್ಞರು: ಮುದ್ರಣ ಕಿಟಕಿಯಲ್ಲಿ ನೂರಕ್ಕೆ ನೂರು ಇದ್ದರೂ ಡ್ರೈವರಿನ ಒಳಗೆ ಬೇರೊಂದು ಕಡೆ ‘ಫಿಟ್ ಟು ಪೇಪರ್’ ಗುರುತು ಉಳಿದುಕೊಂಡಿರುತ್ತದೆ. ಅದನ್ನು ತೆಗೆದು ಮತ್ತೊಮ್ಮೆ ಮುದ್ರಿಸಿ.